ಕಾಲೇಜಿನ ಪಾರ್ಕಿಂಗ್ ಸ್ಟಿಕರ್: ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಕಾಲೇಜು ಶುರುವಾಗುವ ದಿನಗಳಲ್ಲಿ ಕಲಬುರಗಿಯ ಯಾವ ಕ್ಯಾಂಪಸ್ ಗೇಟಿನ ಮುಂದೆ ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ.

"ಸ್ಟಿಕರ್ ಎಲ್ಲಿ ಅದ ತಮ್ಮಾ?"

"ಅರ್ಜಿ ಕೊಟ್ಟೀನ್ರಿ ಕಾಕಾ, ಇನ್ನಾ ಬಂದಿಲ್ಲ."

"ಹಂಗಿದ್ರ ಹೊರಗ ಹಚ್ಚಿ ಬಾ."

ಹೊರಗೆ ಹಚ್ಚಿದರೆ, ಅಂದರೆ ಗಾಡಿ ನಿಲ್ಲಿಸಿದರೆ, ಟ್ರಾಫಿಕ್ ಪೊಲೀಸರು ಫೋಟೋ ಹೊಡೆಯುತ್ತಾರೆ. ಒಳಗೆ ನುಗ್ಗಿದರೆ ಚಕ್ರಕ್ಕೆ ಬೀಗ ಬೀಳುತ್ತದೆ. ಹಿಂದೆಲ್ಲ ಗೇಟು ತೆರೆದೇ ಇರುತ್ತಿತ್ತು. ಬೇವಿನ ಗಿಡ ಕಂಡಲ್ಲಿ ಗಾಡಿ ನಿಲ್ಲಿಸಿ ಕ್ಲಾಸಿಗೆ ಓಡಬಹುದಿತ್ತು. ಈಗ ಅರ್ಜಿ, ಆರ್‌ಸಿ ಝೆರಾಕ್ಸ್, ಶುಲ್ಕ, ಸ್ಟಿಕರ್, ಟೋಕನ್. ಮಗನಿಗೋ ಮಗಳಿಗೋ ಮೊದಲ ಸಲ ಗಾಡಿ ಕೊಟ್ಟ ಅಪ್ಪ-ಅಮ್ಮನಿಗಂತೂ ತಲೆ ಕೆಡುತ್ತದೆ. ರೊಕ್ಕ ಕಟ್ಟಿದ ಮೇಲೂ ಜಾಗ ಸಿಗದಿದ್ದರೆ ಹೇಗೆ? ವಾಚ್‌ಮನ್ ದಂಡ ಹಾಕಬಹುದಾ? ಗಾಡಿ ಕಳುವಾದರೆ ಕಾಲೇಜಿನವರು ತುಂಬಿ ಕೊಡುತ್ತಾರಾ?

ಈ ಪ್ರಶ್ನೆಗಳೆಲ್ಲ ಒಂದೇ ಗೊಂದಲದಿಂದ ಹುಟ್ಟಿದವು. ಒಳಗೆ ಬರುವ ಅನುಮತಿ ಬೇರೆ, ಗಾಡಿ ನಿಲ್ಲಿಸುವ ಜಾಗ ಬೇರೆ, ಗಾಡಿ ಕಾಯುವ ಹೊಣೆ ಬೇರೆ. ಸ್ಟಿಕರ್ ಕೊಡುವುದು ಮೊದಲನೆಯದನ್ನು ಮಾತ್ರ. ಉಳಿದ ಎರಡೂ ಅದರ ಜೊತೆಗೇ ಬರುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ.

ಸ್ಟಿಕರ್ ಅಂದರೆ ನಿಜಕ್ಕೂ ಏನು

ಕಾಲೇಜಿನ ಜಮೀನು ಕಾಲೇಜಿನದು. ಅಲ್ಲಿ ಯಾರ ಗಾಡಿ ಬರಬೇಕು, ಯಾವ ಗೇಟಿನಿಂದ ಬರಬೇಕು, ಎಷ್ಟು ಹೊತ್ತಿನ ತನಕ ಇರಬಹುದು ಅಂತ ಹೇಳುವ ಹಕ್ಕು ಆಡಳಿತಕ್ಕೆ ಇದೆ. ಆ ಒಪ್ಪಿಗೆಗೆ ಪರ್ಮಿಟ್ ಅಥವಾ ಪಾಸ್ ಅನ್ನುತ್ತಾರೆ. ಅದನ್ನು ಗಾಡಿಯ ಮೇಲೆ ತೋರಿಸುವ ಗುರುತೇ ಸ್ಟಿಕರ್. ಒಪ್ಪಿಗೆಗೆ ಷರತ್ತು ಇರುತ್ತದೆ. ಷರತ್ತು ಮುರಿದರೆ ಒಪ್ಪಿಗೆ ವಾಪಸ್ ಪಡೆಯಲೂಬಹುದು.

ಸಾಮಾನ್ಯವಾಗಿ ಬಣ್ಣ ನೋಡಿದರೆ ಗೊತ್ತಾಗುವ ಹಾಗೆ ಸ್ಟಿಕರ್ ಮಾಡಿಸಿರುತ್ತಾರೆ. ಸಿಬ್ಬಂದಿಗೆ ಒಂದು, ವಿದ್ಯಾರ್ಥಿಗಳಿಗೆ ಒಂದು, ಹಾಸ್ಟೆಲಿನವರಿಗೆ ಇನ್ನೊಂದು. ಕೆಲಸದ ಮೇಲೆ ಒಂದು ಗಳಿಗೆ ಬಂದು ಹೋಗುವವರಿಗೆ ಗೇಟಿನಲ್ಲೇ ಟೋಕನ್. ದೊಡ್ಡ ಕ್ಯಾಂಪಸ್‌ಗಳಲ್ಲಿ ಕಾರಿನ ಗಾಜಿಗೆ ಅಂಟಿಸುವ ಸ್ಟಿಕರಿನೊಳಗೆ ಸಣ್ಣ ಚಿಪ್ ಇರುತ್ತದೆ. ಟೋಲ್ ಗೇಟಿನ ಫಾಸ್ಟ್‌ಟ್ಯಾಗ್ ಕೆಲಸ ಮಾಡುವುದೂ ಇದೇ ಬಗೆಯಲ್ಲಿ. ಚಿಪ್‌ಗೆ ಬ್ಯಾಟರಿ ಇರುವುದಿಲ್ಲ. ಗೇಟಿನ ಯಂತ್ರ ಕಳಿಸುವ ರೇಡಿಯೊ ಅಲೆಯಿಂದಲೇ ಅದಕ್ಕೆ ಜೀವ ಬಂದು, ತನ್ನ ನಂಬರ್ ಹೇಳುತ್ತದೆ. ಬೈಕಿಗೆ ಗಾಜು ಇಲ್ಲ, ಅಲ್ವಾ? ಹಾಗಾಗಿ ಬೈಕಿನವರಿಗೆ ಕಾಗದದ ಸ್ಟಿಕರೇ ಗತಿ. ಹೆಡ್‌ಲೈಟಿನ ಮೇಲೋ ಮುಂದಿನ ಮಡ್‌ಗಾರ್ಡಿನ ಮೇಲೋ ಅಂಟಿಸಿ ಅನ್ನುತ್ತಾರೆ. ಗೇಟಿನಲ್ಲಿ ನಿಂತವರಿಗೆ ಮೊದಲು ಕಾಣುವುದು ಅದೇ ಭಾಗ.

ಸ್ಟಿಕರಿನ ಹಿಂದೆ ಒಂದು ರಿಜಿಸ್ಟರ್ ಇರುತ್ತದೆ. ಕೆಲಸ ನಡೆಯುವುದು ಆ ರಿಜಿಸ್ಟರಿನಿಂದ. ಗಾಡಿ ನಂಬರ್, ಯಾರದು, ಯಾವ ವಿಭಾಗ, ಯಾವ ಸೆಮಿಸ್ಟರ್, ಮೊಬೈಲ್ ನಂಬರ್. ನಿಮ್ಮ ಗಾಡಿ ಆಂಬ್ಯುಲೆನ್ಸಿಗೆ ಅಡ್ಡ ಆಗಿದ್ದರೆ ಫೋನ್ ಬರುವುದು ಇದರಿಂದಲೇ. ಹಳೆಯ ಕ್ಯಾಂಪಸ್ಸಿನ ಸೈಕಲ್ ಸ್ಟ್ಯಾಂಡಿನ ಮೂಲೆಗೆ ಹೋಗಿ ನೋಡಿ. ಎರಡೂ ಟಯರ್ ಕೂತು, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಹಿಡಿದ ಬೈಕು ಒಂದಾದರೂ ಇರುತ್ತದೆ. ಅದು ಯಾರದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಓದು ಮುಗಿಸಿ ಹೋದವನದೋ, ಎಲ್ಲಿಂದಲೋ ಕದ್ದು ತಂದು ಬಿಟ್ಟಿದ್ದೋ? ರಿಜಿಸ್ಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಳುವವರೇ ಇರಲಿಲ್ಲ.

ಈಗ ಯಾಕೆ ಇಷ್ಟು ಬಿಗಿ

ಮೊದಲ ಕಾರಣ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಗಾಡಿಗಳು ಜಾಸ್ತಿಯಾದವು. ನಗರದೊಳಗಿನ ಕಾಲೇಜುಗಳು ಕಟ್ಟಿದ ಕಾಲಕ್ಕೆ ವಿದ್ಯಾರ್ಥಿ ಅಂದರೆ ಕಾಲ್ನಡಿಗೆ, ಇಲ್ಲವೆ ಸೈಕಲ್. ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1958ರಲ್ಲಿ. ಆ ಕಾಲದಲ್ಲಿ ಕಾಲೇಜಿನ ನಕ್ಷೆ ಬರೆಯುವವರು ಹುಡುಗರ ಮೋಟಾರ್ ಸೈಕಲ್ಲಿಗೆ ಅಂತ ಜಾಗ ಎತ್ತಿಡುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಊರು ಬೆಳೆದು ಸುತ್ತ ಮನೆ, ಅಂಗಡಿ ಬಂದವು. ನಗರದೊಳಗಿನ ಕಾಂಪೌಂಡ್ ಇನ್ನು ಹಿಗ್ಗುವುದಿಲ್ಲ.

ಊರ ಹೊರಗಿನ ಕ್ಯಾಂಪಸ್‌ಗಳ ಕಥೆ ಬೇರೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಆಗಿದ್ದು. ಅದರ ಜ್ಞಾನಗಂಗಾ ಆವರಣ ಸುಮಾರು 860 ಎಕರೆ. ಆಳಂದ ರಸ್ತೆಯ ಕಡಗಂಚಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 650 ಎಕರೆಗೂ ಮೀರಿದ ಜಾಗ. ಇಷ್ಟು ದೊಡ್ಡ ಆವರಣಗಳಲ್ಲಿ ಗಾಡಿ ಹಚ್ಚಲು ನೆಲಕ್ಕೆ ಬರ ಇಲ್ಲ. ತೊಡಕು ಬೇರೆ ಕಡೆ. ಗೇಟಿನಿಂದ ವಿಭಾಗಕ್ಕೆ, ವಿಭಾಗದಿಂದ ಲೈಬ್ರರಿಗೆ ದೂರ ಜಾಸ್ತಿ. ಎಲ್ಲರಿಗೂ ತಮ್ಮ ಕಟ್ಟಡದ ಬಾಗಿಲಲ್ಲೇ ಗಾಡಿ ನಿಲ್ಲಬೇಕು. ಖಾಲಿ ರಸ್ತೆ ಸಿಕ್ಕರೆ ವೇಗವೂ ಏರುತ್ತದೆ. ಇಂಥ ಕಡೆ ನಿಯಮಗಳು ಜಾಗದ ಲೆಕ್ಕಕ್ಕಿಂತ ವೇಗ, ಗೇಟಿನ ಸಮಯ, ಹೊರಗಿನವರ ಓಡಾಟ ಇವುಗಳ ಸುತ್ತಲೇ ಇರುತ್ತವೆ.

ಇನ್ನೊಂದು ಕಾರಣ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡುವ ಸಂಸ್ಥೆ ನ್ಯಾಕ್. 1994ರಲ್ಲಿ ಶುರುವಾಯಿತು, ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಅದರ ಪ್ರಶ್ನಾವಳಿಯಲ್ಲಿ ಹಸಿರು ಕ್ಯಾಂಪಸ್ ಬಗ್ಗೆ ಒಂದು ಭಾಗ ಬಂತು. ಅಲ್ಲಿ ಕೇಳುವ ಸಂಗತಿಗಳಲ್ಲಿ ಮೊದಲನೆಯದೇ ವಾಹನಗಳ ಒಳಬರುವಿಕೆಗೆ ಮಿತಿ ಹಾಕಿದ್ದೀರಾ ಅನ್ನುವುದು. ಸೈಕಲ್ ಅಥವಾ ಬ್ಯಾಟರಿ ಗಾಡಿ ಬಳಸುತ್ತೀರಾ, ನಡೆಯುವವರಿಗೆ ದಾರಿ ಇದೆಯಾ, ಪ್ಲಾಸ್ಟಿಕ್ ನಿಷೇಧ ಮಾಡಿದ್ದೀರಾ, ಗಿಡ ಬೆಳೆಸಿದ್ದೀರಾ ಅನ್ನುವವು ಆಮೇಲೆ. ಹೌದು ಅಂದರೆ ಸಾಲದು, ಫೋಟೋ, ಸುತ್ತೋಲೆ ಎಲ್ಲ ತೋರಿಸಬೇಕು. ನ್ಯಾಕ್ ತಂಡ ಬರುವ ವರ್ಷ ಗೇಟಿನಲ್ಲಿ ಹೊಸ ಬೋರ್ಡ್ ಯಾಕೆ ಬೀಳುತ್ತದೆ ಅಂತ ಹುಡುಗರು ನಗುವುದುಂಟು. ಕಾರಣ ಇದು.

ಒಂದು ಎಕರೆಯ ಲೆಕ್ಕ

'ರೊಕ್ಕ ಕಟ್ಟಿಸಿಕೊಂಡು ಜಾಗ ಕೊಡಲ್ಲ' ಅನ್ನುವುದು ಎಲ್ಲರ ದೂರು. ಇದನ್ನು ಬಿಡಿಸಲು ಸ್ವಲ್ಪ ಲೆಕ್ಕ ಬೇಕು.

ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಸಾಕು. ಆದರೆ ಬರಲು, ಹೊರಳಿಸಲು, ಹೊರಗೆ ಹೋಗಲು ದಾರಿ ಬೇಕಲ್ಲ. ಅದನ್ನೂ ಸೇರಿಸಿ ಬಯಲಲ್ಲಿ ಒಂದು ಕಾರಿಗೆ 23 ಚದರ ಮೀಟರ್ ಅಂತ ಕಟ್ಟಡ ಯೋಜನೆ ಮಾಡುವವರು ಹಿಡಿಯುತ್ತಾರೆ. ನೆಲಮಾಳಿಗೆಯಲ್ಲಿ ಕಂಬ, ಇಳಿಜಾರು ಎಲ್ಲ ಬರುವುದರಿಂದ ಅದೇ ಕಾರಿಗೆ 32 ಚದರ ಮೀಟರ್ ಬೇಕು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಭಾಗಿಸಿ ನೋಡಿ, ಪೂರ್ತಿ ಒಂದು ಎಕರೆ ಬಯಲಲ್ಲಿ ಹಿಡಿಯುವುದು 175ರಷ್ಟು ಕಾರು. ಅಷ್ಟೇ.

ಬೈಕಿಗೆ ದಾರಿ ಸೇರಿಸಿ ಮೂರು ಚದರ ಮೀಟರ್ ಹಿಡಿದರೆ ಅದೇ ಎಕರೆಯಲ್ಲಿ 1,300ಕ್ಕೂ ಜಾಸ್ತಿ ನಿಲ್ಲುತ್ತವೆ. ಒಂದು ಕಾರಿನ ಜಾಗದಲ್ಲಿ ಏಳು ಬೈಕು. ವಿದ್ಯಾರ್ಥಿಗಳ ಕಾರನ್ನು ಎಷ್ಟೋ ಕಡೆ ಒಳಗೆ ಬಿಡುವುದೇ ಇಲ್ಲ. ಕಾರಿನಲ್ಲಿ ಬರುವವನ ಮೇಲೆ ಯಾರಿಗೂ ಸಿಟ್ಟಿಲ್ಲ, ಏಳು ಜನರ ಜಾಗ ಒಬ್ಬನಿಗೆ ಹೋಗುತ್ತದೆ ಅನ್ನುವ ಲೆಕ್ಕ.

ಇನ್ನು ಸ್ಟಿಕರಿನ ಸಂಖ್ಯೆಗೆ ಬರೋಣ. 600 ಬೈಕ್ ಹಿಡಿಯುವ ಸ್ಟ್ಯಾಂಡ್ ಇದೆ ಅಂದುಕೊಳ್ಳಿ. ಆಡಳಿತ 800 ಸ್ಟಿಕರ್ ಕೊಡಬಹುದು. ಅದರಲ್ಲಿ ಮೋಸ ಏನಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ಒಬ್ಬರಿಗೆ ಬೆಳಿಗ್ಗೆ ಲ್ಯಾಬ್, ಇನ್ನೊಬ್ಬರಿಗೆ ಮಧ್ಯಾಹ್ನ. ಯಾರಿಗೋ ಜ್ವರ, ಯಾರೋ ಊರಿಗೆ ಹೋಗಿರುತ್ತಾರೆ. ದಿನದ ಯಾವ ಹೊತ್ತಿನಲ್ಲಿ ನೋಡಿದರೂ ಒಳಗಿರುವ ಗಾಡಿ 600 ದಾಟುವುದಿಲ್ಲ ಅನ್ನುವ ಅಂದಾಜು ಅದು. 600ಕ್ಕೆ 600 ಮಾತ್ರ ಕೊಟ್ಟರೆ ದಿನವೂ ಎಷ್ಟೋ ಜಾಗ ಖಾಲಿ ಬಿದ್ದಿರುತ್ತದೆ, 200 ಜನ ಹೊರಗೆ ಉಳಿಯುತ್ತಾರೆ. ಈ ಅಂದಾಜು ಕೆಡುವುದು ಇಂಟರ್ನಲ್ ಪರೀಕ್ಷೆಯ ದಿನ, ಅಡ್ಮಿಷನ್ ವಾರ, ಕಾಲೇಜು ಡೇ. ಆವತ್ತು ಎಲ್ಲರೂ ಬರುತ್ತಾರೆ, ಸ್ಟಿಕರ್ ಇದ್ದವನೂ ಜಾಗಕ್ಕೆ ಅಲೆಯುತ್ತಾನೆ.

ನಿಮಗೇ ಅಂತ ಒಂದು ಜಾಗ ಬೇಕಿದ್ದರೆ ಅದು ಬೇರೆ ವ್ಯವಸ್ಥೆ. ಅಲ್ಲಿ ನೆಲದ ಮೇಲೆ ನಂಬರೋ ಹುದ್ದೆಯ ಹೆಸರೋ ಬರೆದಿರುತ್ತದೆ. ಪ್ರಾಂಶುಪಾಲರು, ಆಂಬ್ಯುಲೆನ್ಸ್, ಅಂಗವಿಕಲರು ಇಂಥವರಿಗೆ ಬಿಟ್ಟರೆ ಹೀಗೆ ಕಾಯ್ದಿರಿಸುವುದು ಕಡಿಮೆ.

ಎಲ್ಲಿ ಹಚ್ಚಬೇಕು, ಎಲ್ಲಿ ಬೇಡ

ಮೊದಲು ಎರಡು ಬೋರ್ಡುಗಳ ವ್ಯತ್ಯಾಸ. ಎರಡೂ ಕೆಂಪು ಅಂಚಿನ ನೀಲಿ ವೃತ್ತ. ಅಡ್ಡಕ್ಕೆ ಒಂದೇ ಕೆಂಪು ಗೀಟು ಇದ್ದರೆ ಪಾರ್ಕಿಂಗ್ ಬೇಡ, ಆದರೆ ಒಬ್ಬರನ್ನು ಇಳಿಸಿ ಹೋಗಬಹುದು. ಎರಡು ಗೀಟು ಸೇರಿ ಗುಣಾಕಾರದ ಗುರುತಿನಂತೆ ಇದ್ದರೆ ನಿಲ್ಲಿಸುವ ಹಾಗೇ ಇಲ್ಲ. ಮಗಳನ್ನು ಬಿಡಲು ಬಂದ ಅಪ್ಪಂದಿರು ಗೇಟಿನಲ್ಲಿ ಜಗಳಕ್ಕೆ ನಿಲ್ಲುವುದು ಹೆಚ್ಚಾಗಿ ಈ ಎರಡನೇ ಬೋರ್ಡಿನ ಕೆಳಗೆ.

ಗೇಟಿನ ಹೊರಗೆ ಸಾರ್ವಜನಿಕ ರಸ್ತೆ, ಅಲ್ಲಿ ದೇಶಕ್ಕೆಲ್ಲ ಒಂದೇ ನಿಯಮ. ಫುಟ್‌ಪಾತ್, ಜೀಬ್ರಾ ಪಟ್ಟಿ, ತಿರುವು, ಕೂಡುರಸ್ತೆ, ಬಸ್ ಸ್ಟಾಪ್, ಶಾಲೆ ಮತ್ತು ಆಸ್ಪತ್ರೆಯ ಬಾಗಿಲು, ಇಲ್ಲೆಲ್ಲ ಗಾಡಿ ನಿಲ್ಲಿಸುವಂತಿಲ್ಲ. 'ಸ್ಟಿಕರ್ ಇದೆ, ಒಳಗೆ ಜಾಗ ಇರಲಿಲ್ಲ, ಅದಕ್ಕೇ ಹೊರಗೆ ಹಚ್ಚಿದೆ' ಅನ್ನುವ ಮಾತು ಪೊಲೀಸರ ಮುಂದೆ ನಡೆಯುವುದಿಲ್ಲ. ಕಾಲೇಜಿನ ಸ್ಟಿಕರ್ ಗೇಟಿನ ಒಳಗೆ ಮಾತ್ರ ಚಲಾವಣೆ.

ಅಂಗವಿಕಲರ ಜಾಗದ ಬಗ್ಗೆ ಒಂದು ಮಾತು. ಆ ಜಾಗ ಯಾಕೆ ಅಷ್ಟು ಅಗಲ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಸಾಮಾನ್ಯ ಕಾರಿನ ಜಾಗಕ್ಕಿಂತ ಒಂದು ಮೀಟರಿನಷ್ಟು ಜಾಸ್ತಿ, ಅಂದರೆ 3.6 ಮೀಟರ್ ಇರಬೇಕು. ಕಟ್ಟಡದ ಬಾಗಿಲಿಂದ 30 ಮೀಟರಿನ ಒಳಗೇ ಇರಬೇಕು. ಕಾರಿನ ಬಾಗಿಲು ಪೂರ್ತಿ ತೆಗೆದು, ಪಕ್ಕಕ್ಕೆ ಗಾಲಿಕುರ್ಚಿ ತಂದು, ಅದರ ಮೇಲೆ ಜರುಗಿ ಕೂರಲು ಆ ಒಂದು ಮೀಟರ್ ಬೇಕು. ಅಲ್ಲಿ ಒಂದೇ ಒಂದು ಸ್ಕೂಟಿ ಓರೆಯಾಗಿ ನಿಂತರೂ ಸಾಕು, ಕಾರು ಒಳಗೆ ಬರುತ್ತದೆ, ಮನುಷ್ಯ ಇಳಿಯಲು ಆಗುವುದಿಲ್ಲ.

ನಮ್ಮ ಕಡೆಯ ನೆಲ, ಬಿಸಿಲಿನ ಕಥೆ ಯಾವ ಸುತ್ತೋಲೆಯಲ್ಲೂ ಬರುವುದಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಗಾಗುತ್ತದೆ. ಬೆಳಿಗ್ಗೆ ಗಟ್ಟಿಯಾಗಿ ನಿಂತ ಬೈಕಿನ ಸೈಡ್ ಸ್ಟ್ಯಾಂಡ್ ಮಧ್ಯಾಹ್ನದ ಹೊತ್ತಿಗೆ ಮಣ್ಣಲ್ಲಿ ಇಳಿದಿರುತ್ತದೆ. ಒಂದು ಬೈಕು ವಾಲಿ ಪಕ್ಕದ್ದರ ಮೇಲೆ ಬಿತ್ತು ಅಂದರೆ ಸಾಲಿಗೆ ಸಾಲೇ ಮಲಗುತ್ತದೆ. ಬ್ರೇಕ್ ಲಿವರ್, ಕನ್ನಡಿ, ಇಂಡಿಕೇಟರ್ ಎಲ್ಲ ಪುಡಿ. ಯಾರು ಕೊಡಬೇಕು ಅಂತ ಆಮೇಲೆ ಜಗಳ. ತಿಳಿದವರು ಅಂಗೈ ಅಗಲದ ಶಹಾಬಾದ್ ಪರಸಿ (ನೆಲಕ್ಕೆ ಹಾಸುವ ಕಲ್ಲು) ಚೂರು ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರುತ್ತಾರೆ. ಸ್ಟ್ಯಾಂಡಿನ ಕೆಳಗೆ ಅದನ್ನು ಇಟ್ಟರೆ ಭಾರ ಹರಡುತ್ತದೆ, ಸ್ಟ್ಯಾಂಡ್ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಡಾಂಬರು ಮೆದುವಾದಾಗಲೂ ಇದೇ ಉಪಾಯ.

ಬೇವಿನ ನೆರಳು ನೋಡಿ ಗಾಡಿ ಹಚ್ಚುವವರೂ ಒಂದು ಲೆಕ್ಕ ತಪ್ಪುತ್ತಾರೆ. ಬೆಳಿಗ್ಗೆ ನೆರಳು ಬೀಳುವುದು ಗಿಡದ ಪಡುವಣಕ್ಕೆ. ಅಲ್ಲಿ ಹಚ್ಚಿದರೆ ಮಧ್ಯಾಹ್ನ ಎರಡಕ್ಕೆ ಗಾಡಿ ಬಟಾ ಬಿಸಿಲಲ್ಲಿ. ಬೆಳಿಗ್ಗೆ ಬಿಸಿಲಿದ್ದರೂ ಮೂಡಣಕ್ಕೆ ಹಚ್ಚಿದರೆ, 42 ಡಿಗ್ರಿ ಕುದಿಯುವ ಹೊತ್ತಿಗೆ ನೆರಳು ತಾನೇ ಬಂದಿರುತ್ತದೆ. ಕಟ್ಟಡದ ಗೋಡೆಗೂ ಇದೇ ಮಾತು.

ಅರ್ಜಿಗೆ ಕೇಳುವ ಕಾಗದಗಳು

ಕಾಲೇಜಿನ ಐಡಿ, ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಸಾಮಾನ್ಯವಾಗಿ ಇಷ್ಟು. ಡಿಜಿಲಾಕರ್ ಅಥವಾ ಎಂ ಪರಿವಾಹನ್‌ನಲ್ಲಿ ಇರುವ ಡಿಎಲ್, ಆರ್‌ಸಿ ಕಾನೂನಿನ ಕಣ್ಣಲ್ಲಿ ಅಸಲಿಗೆ ಸಮ. ಝೆರಾಕ್ಸ್ ಕೇಳಿದರೆ ಅದರಿಂದಲೇ ಪ್ರಿಂಟ್ ತೆಗೆದು ಕೊಡಬಹುದು.

ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ ಮಗ ಓಡಿಸಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ರಿಜಿಸ್ಟರಿನಲ್ಲಿ ಓಡಿಸುವವನ ಹೆಸರು, ಮಾಲೀಕನ ಹೆಸರು ಬೇರೆ ಬೇರೆ ಆಗುತ್ತವಲ್ಲ. ಅದಕ್ಕೆ ಅಪ್ಪನ ಒಂದು ಒಪ್ಪಿಗೆ ಪತ್ರ ಕೇಳುತ್ತಾರೆ.

ಪಿಯು ಕಾಲೇಜಿನವರ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಗಾಡಿ ಓಡಿಸಲು 18 ತುಂಬಿರಬೇಕು. 16 ತುಂಬಿದವರಿಗೆ 50 ಸಿಸಿ ಒಳಗಿನ ಗಾಡಿಗೆ ಲೈಸೆನ್ಸ್ ಸಿಗುತ್ತದೆ ಅನ್ನುವ ಮಾತು ನಿಜ, ಆದರೆ ಇವತ್ತು ಶೋರೂಮಿನಲ್ಲಿ ಸಿಗುವ ಪೆಟ್ರೋಲ್ ಸ್ಕೂಟಿಗಳೆಲ್ಲ ನೂರು ಸಿಸಿ ಆಸುಪಾಸಿನವು, ಅದಕ್ಕೂ ಮೇಲಿನವು. ಹಾಗಾಗಿ ಆ ರಿಯಾಯಿತಿ ಕಾಗದದ ಮೇಲೆ ಮಾತ್ರ ಉಳಿದಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಪ್ಪು ತಂದೆ-ತಾಯಿ ಅಥವಾ ಗಾಡಿ ಮಾಲೀಕರದು. 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಆಗಬಹುದು. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಡಿಎಲ್ ಇಲ್ಲದೆ ಸ್ಟಿಕರ್ ಕೊಟ್ಟರೆ ಕಾಲೇಜೇ ಈ ತಪ್ಪಿಗೆ ಬಾಗಿಲು ತೆಗೆದಂತೆ ಆಗುತ್ತದೆ. ಅಲ್ಲಿ ಯಾರ ಶಿಫಾರಸ್ಸೂ ನಡೆಯಬಾರದು ಅಂತಲೇ ನನ್ನ ಎಣಿಕೆ.

ಸಣ್ಣ ಬ್ಯಾಟರಿ ಸ್ಕೂಟರುಗಳದು ಇನ್ನೊಂದು ಪೇಚು. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ದಾಟದ ಗಾಡಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ನಂಬರೇ ಇಲ್ಲದ ಗಾಡಿಯನ್ನು ರಿಜಿಸ್ಟರಿನಲ್ಲಿ ಹೇಗೆ ಬರೆಯುವುದು? ಚಾಸಿಸ್ ನಂಬರ್ ಕೊಟ್ಟು ಅರ್ಜಿ ಹಾಕಿ, ಖರೀದಿಯ ಬಿಲ್ ಜೊತೆಗೆ ಇಡಿ.

ದಂಡ ಹಾಕುವ ಅಧಿಕಾರ ಯಾರಿಗೆ

ಪೊಲೀಸರು ಹಾಕುವ ಚಲನ್ ಬೇರೆ, ಕಾಲೇಜು ಹಾಕುವ ದಂಡ ಬೇರೆ. ಚಲನ್‌ಗೆ 1988ರ ಮೋಟಾರು ವಾಹನ ಕಾಯ್ದೆಯ ಬಲ ಇದೆ. ಅದು ನಿಮ್ಮ ಗಾಡಿ ನಂಬರಿನ ಮೇಲೆ ಸರ್ಕಾರದ ದಾಖಲೆಯಲ್ಲಿ ಕೂರುತ್ತದೆ. ಕಾಲೇಜಿನ ದಂಡಕ್ಕೆ ಬಲ ಬರುವುದು ನೀವು ಅಡ್ಮಿಷನ್ ಆಗುವಾಗ ಅಥವಾ ಸ್ಟಿಕರ್ ತೆಗೆದುಕೊಳ್ಳುವಾಗ ಸಹಿ ಹಾಕಿದ ಕಾಗದದಿಂದ. 'ಸಂಸ್ಥೆಯ ನಿಯಮ ಪಾಲಿಸುತ್ತೇನೆ' ಅಂತ ಅದರಲ್ಲಿ ಬರೆದಿರುತ್ತದೆ. ನಾವು ಓದದೆ ಸಹಿ ಹಾಕಿರುತ್ತೇವೆ. ಕಾಲೇಜಿನ ದಂಡ ಕಟ್ಟದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಏನೂ ಆಗುವುದಿಲ್ಲ. ಆದರೆ ಸ್ಟಿಕರ್ ರದ್ದಾಗಬಹುದು, ಕೊನೆಗೆ ನೋ ಡ್ಯೂ ಸರ್ಟಿಫಿಕೇಟ್ (ಬಾಕಿ ಏನಿಲ್ಲ ಅನ್ನುವ ಪತ್ರ) ಪಡೆಯುವಾಗ ಅದೇ ಅಡ್ಡ ಬರುತ್ತದೆ.

ಕಾಲೇಜಿಗೆ ಸಂಬಂಧವೇ ಇಲ್ಲದವರು, ಉದಾಹರಣೆಗೆ ಊಟದ ಡಬ್ಬಿ ತಂದುಕೊಡುವವರು, ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. ಅವರಿಗೆ 'ಹೊರಗೆ ಹೋಗಿ' ಅನ್ನಬಹುದು, ಮತ್ತೆ ಬಿಡದಿರಬಹುದು. ಅದಕ್ಕಿಂತ ಮುಂದೆ ಹೋಗಬೇಕೆಂದರೆ ಪೊಲೀಸರನ್ನೇ ಕರೆಯಬೇಕು.

ದಂಡ ಕಟ್ಟಿದರೆ ರಸೀದಿ ಕೇಳಿ. ಸಂಸ್ಥೆಯ ಹೆಸರು, ತಾರೀಖು, ಗಾಡಿ ನಂಬರ್ ಅದರಲ್ಲಿ ಇರಬೇಕು. ಗೇಟಿನಲ್ಲಿ ಕೈಗೆ ಕೊಟ್ಟ ರೊಕ್ಕಕ್ಕೆ ಲೆಕ್ಕ ಇರುವುದಿಲ್ಲ. ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯ ಆದರೆ ಪಾರ್ಕಿಂಗ್ ಶುಲ್ಕ ಯಾವ ಆದೇಶದ ಮೇಲೆ, ಯಾವ ಖಾತೆಗೆ ಹೋಗುತ್ತದೆ ಅಂತ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು.

ಕ್ಯಾಂಪಸ್ಸಿನೊಳಗೆ ಪೊಲೀಸರ ನಿಯಮ ನಡೆಯುವುದೇ ಇಲ್ಲ ಅನ್ನುವ ನಂಬಿಕೆಯೂ ಇದೆ. ಕಾಯ್ದೆಯಲ್ಲಿ 'ಸಾರ್ವಜನಿಕ ಸ್ಥಳ' ಅಂದರೆ ಜನರಿಗೆ ಹೋಗಿಬರುವ ಹಕ್ಕು ಇರುವ ಯಾವುದೇ ರಸ್ತೆ ಅಥವಾ ಜಾಗ. ಆಸ್ಪತ್ರೆ ಕೂಡಿಕೊಂಡ ಮೆಡಿಕಲ್ ಕಾಲೇಜನ್ನೇ ನೋಡಿ. ಯಾವ ಹಳ್ಳಿಯ ರೋಗಿಯಾದರೂ ಒಳಗೆ ಬರುತ್ತಾನೆ. ಅಲ್ಲಿಯ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ, ಮೂವರು ಕೂತು ಹೋದರೆ ಕಾಲೇಜಿನ ಕಾಂಪೌಂಡ್ ನಿಮ್ಮನ್ನು ಕಾಯುವುದಿಲ್ಲ.

ಗಾಡಿ ಕಳುವಾದರೆ

'ವಾಹನಗಳಿಗೆ ಮಾಲೀಕರೇ ಹೊಣೆ' ಅನ್ನುವ ಬೋರ್ಡ್ ಎಲ್ಲ ಸ್ಟ್ಯಾಂಡಿನಲ್ಲೂ ಇದೆ. ಆ ಬೋರ್ಡಿಗೆ ಬೆಲೆ ಇದೆಯಾ? ಉತ್ತರ ನಿಂತಿರುವುದು ಚಾವಿ ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ.

ಜೋಳ ಬೀಸಿಸಲು ಗಿರಣಿಗೆ ಹೋಗುತ್ತೀರಿ. ಚೀಲವನ್ನು ಗಿರಣಿಯವನ ಕೈಗೆ ಕೊಟ್ಟು, ಚೀಟಿ ತೆಗೆದುಕೊಂಡು ಬಂದರೆ ಆ ಚೀಲ ಅವನ ಹೊಣೆ. ಕಳೆದರೆ ಅವನೇ ಜವಾಬು ಹೇಳಬೇಕು. ಅದೇ ಚೀಲವನ್ನು ಅವನನ್ನು ಕೇಳಿ ಕಟ್ಟೆಯ ಮೇಲೆ ಇಟ್ಟು ಪೇಟೆಗೆ ಹೋದರೆ? ಜಾಗ ಕೊಟ್ಟ, ಅಷ್ಟೇ. ಚೀಲ ಕಾಯುತ್ತೇನೆ ಅಂತ ಅವನು ಒಪ್ಪಿರಲಿಲ್ಲ.

ಕಾನೂನು ಕೂಡ ಇದೇ ಗೆರೆ ಎಳೆಯುತ್ತದೆ. ಒಬ್ಬರ ವಸ್ತುವನ್ನು ವಶಕ್ಕೆ ತೆಗೆದುಕೊಂಡವರು ಅದನ್ನು ತಮ್ಮ ಸ್ವಂತ ವಸ್ತುವಿನಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು ಅಂತ 1872ರ ಕರಾರು ಕಾಯ್ದೆ ಹೇಳುತ್ತದೆ. 2019ರ ನವೆಂಬರಿನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅಲ್ಲಿ ಅತಿಥಿ ಕಾರಿನ ಚಾವಿಯನ್ನು ಹೋಟೆಲ್ ಸಿಬ್ಬಂದಿಗೆ ಕೊಟ್ಟಿದ್ದರು. ಕಾರು ಕಳುವಾಯಿತು. 'ಮಾಲೀಕರದೇ ಹೊಣೆ' ಅಂತ ಚೀಟಿಯಲ್ಲಿ ಅಚ್ಚು ಹಾಕಿದ್ದರೂ, ತಮ್ಮ ನಿರ್ಲಕ್ಷ್ಯದಿಂದ ಕಳುವಾದಾಗ ಆ ಸಾಲಿನ ಹಿಂದೆ ಅಡಗಲು ಬರುವುದಿಲ್ಲ ಅಂತ ಕೋರ್ಟ್ ಹೇಳಿತು.

ಕಾಲೇಜಿನಲ್ಲಿ ನೀವೇ ಹಚ್ಚುತ್ತೀರಿ, ನೀವೇ ಹ್ಯಾಂಡಲ್ ಲಾಕ್ ಮಾಡುತ್ತೀರಿ, ಚಾವಿ ನಿಮ್ಮ ಜೇಬಿನಲ್ಲಿ. ಹಾಗಾಗಿ ಅದು ಗಿರಣಿ ಕಟ್ಟೆಯ ಚೀಲ. ಟೋಕನ್ ಕೊಟ್ಟು, ಟೋಕನ್ ನೋಡಿಯೇ ಗಾಡಿ ಹೊರಗೆ ಬಿಡುವ, ಅದಕ್ಕಾಗಿಯೇ ರೊಕ್ಕ ಪಡೆಯುವ ಸ್ಟ್ಯಾಂಡ್ ಆದರೆ ನಿಮ್ಮ ಮಾತಿಗೆ ಬಲ ಜಾಸ್ತಿ. ಟೋಕನ್ ಚೀಟಿ ಎಸೆಯಬೇಡಿ.

ಕಳುವಿನ ನಷ್ಟ ತುಂಬಿಕೊಡುವುದು ಇನ್ಶೂರೆನ್ಸ್. ಇಲ್ಲೇ ಬಹಳ ಮನೆಗಳಲ್ಲಿ ಪೆಟ್ಟು ಬೀಳುವುದು. 2018ರ ಸೆಪ್ಟೆಂಬರ್ ಒಂದರಿಂದ ಹೊಸ ಬೈಕ್ ಕೊಂಡರೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಕಾಗದದ ಮೇಲೆ ಐದು ವರ್ಷದ ತಾರೀಖು ನೋಡಿ ಎಲ್ಲ ಸರಿ ಇದೆ ಅಂತ ಸುಮ್ಮನಾಗುತ್ತೇವೆ. ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಬಿದ್ದು ಮುರಿದರೆ, ಸುಟ್ಟರೆ ಕೊಡುವುದು ಸ್ವಂತ ಹಾನಿಯ ಭಾಗ. ಅದು ಹೆಚ್ಚಾಗಿ ಒಂದೇ ವರ್ಷದ್ದು. ಎರಡನೇ ವರ್ಷದ ಹುಡುಗನ ಗಾಡಿಗೆ ಅದು ಮುಗಿದಿರುತ್ತದೆ, ಮನೆಯಲ್ಲಿ ಯಾರೂ ನೋಡಿರುವುದಿಲ್ಲ. ಪಾಲಿಸಿ ತೆಗೆದು ಎರಡೂ ತಾರೀಖು ಇವತ್ತೇ ನೋಡಿ.

ಕಳುವು ಗೊತ್ತಾದ ಕೂಡಲೇ 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. 2024ರ ಜುಲೈ ಒಂದರಿಂದ ಬಂದ ಹೊಸ ಕಾನೂನಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, 'ಇದು ನಮ್ಮ ಠಾಣೆಯ ವ್ಯಾಪ್ತಿ ಅಲ್ಲ' ಅಂತ ವಾಪಸ್ ಕಳಿಸುವಂತಿಲ್ಲ. ಅದೇ ದಿನ ಕಾಲೇಜಿಗೆ ಲಿಖಿತ ಅರ್ಜಿ ಕೊಟ್ಟು ಸಿಸಿ ಕ್ಯಾಮೆರಾದ ದೃಶ್ಯ ತೆಗೆದಿಡಲು ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ, ತಡ ಮಾಡಿದರೆ ಅಳಿಸಿ ಹೋಗಿರುತ್ತದೆ. ಇನ್ಶೂರೆನ್ಸ್‌ನವರು ಎರಡೂ ಚಾವಿ ಕೇಳುತ್ತಾರೆ. ಒಂದು ಚಾವಿ ರೂಮ್‌ಮೇಟ್ ಹತ್ತಿರ ಇತ್ತು, ಅವನು ಎಲ್ಲೋ ಕಳೆದ ಅಂದರೆ ಕ್ಲೇಮ್ ಕಗ್ಗಂಟಾಗುತ್ತದೆ.

ಎಂಎಚ್, ಟಿಎಸ್ ನಂಬರಿನ ಗಾಡಿಗಳು

ನಮ್ಮ ಗಾಡಿಗಳು ಕಲಬುರಗಿಯಲ್ಲಿ ಕೆಎ 32, ಬೀದರಿನಲ್ಲಿ ಕೆಎ 38, ಯಾದಗಿರಿಯಲ್ಲಿ ಕೆಎ 33. ಆದರೆ ಮೂರೂ ಕಡೆ ಕಾಲೇಜಿಗೆ ಬರುವವರಲ್ಲಿ ಸೊಲ್ಲಾಪುರ, ಲಾತೂರ್, ಜಹೀರಾಬಾದ್, ತಾಂಡೂರಿನ ಹುಡುಗರೂ ಇದ್ದಾರೆ. ಅವರ ನಂಬರ್ ಎಂಎಚ್ ಅಥವಾ ಟಿಎಸ್. 2024ರ ಮಾರ್ಚ್ ನಂತರದ ತೆಲಂಗಾಣ ಗಾಡಿಗಳದು ಟಿಜಿ. ಕಾಲೇಜು ಸ್ಟಿಕರ್ ಕೊಡಲು ಇದೇನೂ ಅಡ್ಡಿ ಅಲ್ಲ. ಆದರೆ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿಯೇ ಇದ್ದರೆ ಇಲ್ಲಿಯ ನಂಬರ್ ತೆಗೆದುಕೊಳ್ಳಬೇಕು ಅನ್ನುವುದು ಕಾಯ್ದೆ. ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ವಾರಕ್ಕೊಮ್ಮೆ ಗಡಿ ದಾಟಿ ಮನೆಗೆ ಹೋಗುವವರ ಮಾತು ಬೇರೆ, ನಾಲ್ಕು ವರ್ಷ ಹಾಸ್ಟೆಲಿನಲ್ಲೇ ಇರುವ ಗಾಡಿಯ ಮಾತು ಬೇರೆ.

ಸೀನಿಯರ್ ಗಾಡಿ ಜೂನಿಯರಿಗೆ

ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಹಾಸ್ಟೆಲ್‌ಗಳಲ್ಲಿ ಒಂದು ಸಣ್ಣ ಸಂತೆಯೇ ನಡೆಯುತ್ತದೆ. ಕೂಲರ್, ಮಂಚ, ಪುಸ್ತಕ, ಅದರ ಜೊತೆಗೆ ಬೈಕು. ರೊಕ್ಕ ಫೋನ್‌ಪೇನಲ್ಲಿ ಹೋಗುತ್ತದೆ, ಚಾವಿ ಕೈ ಬದಲಾಗುತ್ತದೆ, ಆರ್‌ಸಿ ಹಾಗೇ ಉಳಿಯುತ್ತದೆ. ಸ್ಟಿಕರೂ ಗಾಡಿಯ ಮೇಲೆ ಹಾಗೇ ಇರುತ್ತದೆ. ಜೂನಿಯರಿಗೆ ಅನುಕೂಲವೇ, ಗೇಟಿನಲ್ಲಿ ಯಾರೂ ತಡೆಯುವುದಿಲ್ಲ.

ಆ ಗಾಡಿ ಸೇಡಂ ರಸ್ತೆಯಲ್ಲಿ ಯಾರಿಗಾದರೂ ಹೊಡೆಯಿತು ಅಂದುಕೊಳ್ಳಿ. ಪೊಲೀಸರು ಮೊದಲು ಫೋನ್ ಮಾಡುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಆ ಸೀನಿಯರ್ ಅಷ್ಟೊತ್ತಿಗೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿರುತ್ತಾನೆ. 'ನಾನು ಮಾರಿಬಿಟ್ಟೆ ಸರ್' ಅಂದರೆ ಸಾಲದು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇನ್ಶೂರೆನ್ಸ್ ಮುಗಿದಿದ್ದರೆ ಆ ರೊಕ್ಕ ಅವರ ಜೇಬಿನಿಂದಲೇ.

ಮಾರುವವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಒಂದೇ ರಾಜ್ಯದೊಳಗಿನ ಮಾರಾಟ ಆದರೆ 14 ದಿನದೊಳಗೆ ನಮೂನೆ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು ನಮೂನೆ 30 ಕೊಟ್ಟು 30 ದಿನದೊಳಗೆ ಹೆಸರು ಬದಲಿಸಿಕೊಳ್ಳಬೇಕು. ಪರಿವಾಹನ್ ಜಾಲತಾಣದಲ್ಲೇ ಅರ್ಜಿ ಶುರು ಮಾಡಬಹುದು. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಇಲ್ಲದಿದ್ದರೆ ಕಳುವು, ಹಾನಿಯ ಕ್ಲೇಮ್ ಹೊಸ ಮಾಲೀಕರಿಗೆ ಸಿಗುವುದು ಕಷ್ಟ.

ಸ್ಟಿಕರನ್ನು ಮಾತ್ರ ಚಾವಿ ಕೊಡುವ ಮೊದಲೇ ಕಿತ್ತು, ಎಸ್ಟೇಟ್ ಅಥವಾ ಸೆಕ್ಯೂರಿಟಿ ಕಚೇರಿಗೆ ಕೊಟ್ಟು, ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ರದ್ದು ಅಂತ ಬರೆಸಿ. ಪೂರ್ತಿ ಏಳದೆ ಹರಿದರೆ ಚೂರುಗಳನ್ನೇ ಕೊಟ್ಟರೂ ನಡೆಯುತ್ತದೆ. ಹಳೆಯ ಸ್ಟಿಕರ್ ಬಿಡದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಒಂದು ತಾಸು ಬಿಸಿಲಿಗೆ ನಿಲ್ಲಿಸಿ. ಗೋಂದು ಮೆತ್ತಗಾಗಿ ಉಗುರಿಗೇ ಎದ್ದು ಬರುತ್ತದೆ.